ಮಂಡಿ ನೋವು: ಸಹಿಸಿಕೊಂಡು ಸುಮ್ಮನೆ ಕೂರಬೇಡಿ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಭಾಷಣ)



ಒಮ್ಮೆ ಒಂದು ಸಂಘದ ಹಾಜರಿ ಪುಸ್ತಕ ನೋಡುತ್ತಿದ್ದೆ. ಒಬ್ಬ ಸದಸ್ಯೆ ಮೂರು ತಿಂಗಳಿಂದ ಸಭೆಗೆ ಬಂದಿರಲಿಲ್ಲ. ಉಳಿತಾಯದ ಹಣ ಮಾತ್ರ ಮಗಳ ಕೈಯಲ್ಲಿ ತಪ್ಪದೆ ಬರುತ್ತಿತ್ತು. ಯಾಕೆ ಎಂದು ಕೇಳಿದೆ. "ಅವರಿಗೆ ಮಂಡಿ ನೋವು ಸಿಸ್ಟರ್. ಚಾಪೆ ಮೇಲೆ ಕೂತರೆ ಏಳಲಿಕ್ಕೆ ಆಗಲ್ಲ" ಅಂದರು.

ಅವರ ಮನೆಗೆ ಹೋದೆ. ವಯಸ್ಸು ಐವತ್ತೆರಡು, ಹೆಚ್ಚುಕಡಿಮೆ ನನ್ನದೇ ವಯಸ್ಸು. "ವಯಸ್ಸಾಯ್ತಲ್ಲ ಸಿಸ್ಟರ್, ಇನ್ನೇನು ಮಾಡೋದು?" ಅಂದರು. ಸಂಘದಿಂದ ತೆಗೆದ ಸಾಲದಲ್ಲಿ ಅರ್ಧ ಚುಚ್ಚುಮದ್ದಿಗೆ, ಎಣ್ಣೆಗೆ ಹೋಗಿತ್ತು. ಗೂಡಿನಲ್ಲಿ ಹೆಸರೇ ಇಲ್ಲದ ಪೊಟ್ಟಣದ ಮಾತ್ರೆಗಳಿದ್ದವು. ನೋವು ಹೋಗಿರಲಿಲ್ಲ, ಹೊಟ್ಟೆ ಉರಿ ಶುರುವಾಗಿತ್ತು. ಈ ಅಕ್ಕನಂಥವರು ನಮ್ಮ ಪ್ರತಿ ಸಂಘದಲ್ಲೂ ಇದ್ದಾರೆ. ಅದಕ್ಕೇ ಇವತ್ತು ಈ ವಿಷಯ.

ಸವೆತ ಅಂದರೆ ಏನು?

ನಮ್ಮ ಮಂಡಿಯಲ್ಲಿ ಮೂಳೆಗಳ ತುದಿಗೆ ನುಣುಪಾದ ಮೆದು ಹೊದಿಕೆ ಇರುತ್ತದೆ. ಅದು ತೆಳ್ಳಗಾಗಿ ಒರಟಾದಾಗ ಕೀಲು ಊದುತ್ತದೆ, ಮೂಳೆಯ ಅಂಚು ಬೆಳೆಯುತ್ತದೆ, ನಡೆದರೆ ನೋವಾಗುತ್ತದೆ. ಇದನ್ನು ವೈದ್ಯರು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ, ನಾವು ಮಂಡಿ ಸವೆತ ಅಂತೀವಿ. ವಯಸ್ಸು ಒಂದೇ ಇದಕ್ಕೆ ಕಾರಣ ಅಲ್ಲ. ಹೆಚ್ಚಿದ ತೂಕ, ಹಿಂದೆ ಬಿದ್ದ ಪೆಟ್ಟು, ವರ್ಷಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಮಾಡಿದ ಕೆಲಸ, ಹೊತ್ತ ಭಾರ, ವಂಶದ ಗುಣ ಎಲ್ಲವೂ ಸೇರುತ್ತವೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಹೆಚ್ಚು.

ಎಲ್ಲ ನೋವೂ ಒಂದೇ ಅಲ್ಲ

ಮಂಡಿ ಸವೆತದಲ್ಲಿ ಕೆಲಸ ಮಾಡಿದಾಗ ನೋವು ಹೆಚ್ಚು, ವಿಶ್ರಾಂತಿಯಲ್ಲಿ ಕಡಿಮೆ. ಬೆಳಿಗ್ಗೆ ಎದ್ದಾಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ಎರಡೂ ಕೈಗಳ ಬೆರಳಿನ ಕೀಲು ಊದಿಕೊಂಡು, ಬೆಳಗಿನ ಬಿಗಿತ ಒಂದು ಗಂಟೆಯಾದರೂ ಬಿಡದಿದ್ದರೆ ಅದು ರುಮಟಾಯ್ಡ್ ಎಂಬ ಬೇರೆ ಕಾಯಿಲೆ ಇರಬಹುದು. ಅದಕ್ಕೆ ಬೇರೆಯೇ ಔಷಧಿ ಇದೆ. ತಡ ಮಾಡಿದರೆ ಬೆರಳು ಸೊಟ್ಟಗಾಗುತ್ತದೆ. 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕುನ್‌ಗುನ್ಯಾ ಹರಡಿದ್ದು ನೆನಪಿರಬೇಕಲ್ವಾ? ಜ್ವರ ಬಿಟ್ಟ ಮೇಲೂ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಕೀಲು ನೋವಿತ್ತು. ಅದು ಸವೆತ ಅಲ್ಲ.

ಇನ್ನೊಂದು, ಮೂಳೆ ಟೊಳ್ಳಾಗುವುದು. ಇದಕ್ಕೂ ನಾವು "ಮೂಳೆ ಸವೆತ" ಅಂತಲೇ ಹೇಳಿ ಗೊಂದಲ ಮಾಡಿಕೊಳ್ತೀವಿ. ಇದರಲ್ಲಿ ಮೂಳೆ ಮುರಿಯುವವರೆಗೆ ನೋವೇ ಇರುವುದಿಲ್ಲ. ಬಚ್ಚಲಲ್ಲಿ ಸ್ವಲ್ಪ ಜಾರಿದರೂ ಮಣಿಕಟ್ಟು, ಸೊಂಟದ ಮೂಳೆ ಮುರಿಯುತ್ತದೆ. ಇದಕ್ಕೆ ಕ್ಯಾಲ್ಸಿಯಂ ಬೇಕು. ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕಾದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸಿಗುತ್ತದೆ. ಹಾಲು, ಮೊಸರು, ಎಳ್ಳು, ಸೊಪ್ಪು ಜೊತೆಗಿರಲಿ. ಮೈಗೆ ಬಿಸಿಲೂ ಬೀಳಲಿ. ಆದರೆ ಕ್ಯಾಲ್ಸಿಯಂ ಮಾತ್ರೆ ತಿಂದರೆ ಸವೆದ ಮಂಡಿ ಮೊದಲಿನಂತಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮಂಡಿಗೆ ಬಲ ಕೊಡುವುದು ತೊಡೆ

ನೋವು ಅಂತ ನಡೆಯುವುದನ್ನೇ ಬಿಟ್ಟರೆ ತೊಡೆಯ ಸ್ನಾಯು ಸೊರಗುತ್ತದೆ. ಆಗ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಆದ್ದರಿಂದ ಮೊದಲ ಮದ್ದು ವ್ಯಾಯಾಮ. ಕುರ್ಚಿಯಲ್ಲಿ ನೇರವಾಗಿ ಕೂತುಕೊಳ್ಳಿ. ಒಂದು ಕಾಲನ್ನು ಮುಂದಕ್ಕೆ ಚಾಚಿ, ಐದು ಎಣಿಸುವವರೆಗೆ ಹಿಡಿದು ನಿಧಾನವಾಗಿ ಇಳಿಸಿ. ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಸಮತಟ್ಟು ದಾರಿಯಲ್ಲಿ ಹತ್ತು ನಿಮಿಷ ನಡೆದು, ವಾರ ವಾರ ಸ್ವಲ್ಪ ಹೆಚ್ಚಿಸಿ. ಶುರುವಿನಲ್ಲಿ ಸ್ವಲ್ಪ ನೋವಾದರೆ ಹೆದರಬೇಡಿ. ನೋವು ಮಾರನೇ ದಿನಕ್ಕೂ ಉಳಿದರೆ ವ್ಯಾಯಾಮ ಕಡಿಮೆ ಮಾಡಿ. ಆರು ವಾರವಾದರೂ ಬಿಡದೆ ಮಾಡಿ, ಆಮೇಲೆ ಹೇಳಿ.

ತೂಕ ಹೆಚ್ಚಿದ್ದರೆ ಇಳಿಸಿ. ಮೈಯ ತೂಕ ಒಂದು ಕಿಲೋ ಇಳಿದರೆ, ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಅಡಿಕೆ ಸುಲಿಯುವಾಗ, ಪಾತ್ರೆ ತೊಳೆಯುವಾಗ ನೆಲದ ಬದಲು ಸ್ಟೂಲ್ ಇರಲಿ.

ದುಡ್ಡು ಎಲ್ಲಿ ಹೋಗುತ್ತಿದೆ?

ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಬಹುದು, ಕಿಡ್ನಿ ಕೆಡಬಹುದು, ಬಿ.ಪಿ. ಏರಬಹುದು. ಹೆಸರಿಲ್ಲದ ಮಾತ್ರೆಯಲ್ಲಿ ಸ್ಟಿರಾಯ್ಡ್ ಇದ್ದರೆ ಎರಡೇ ದಿನದಲ್ಲಿ ಆರಾಮ ಅನ್ನಿಸುತ್ತದೆ. ಆದರೆ ಮುಂದೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆಯೇ ಟೊಳ್ಳಾಗುತ್ತದೆ. ವೈದ್ಯರು ಬರೆದುಕೊಟ್ಟದ್ದನ್ನು, ಹೇಳಿದಷ್ಟೇ ದಿನ ತೆಗೆದುಕೊಳ್ಳಿ. ಸ್ಟಿರಾಯ್ಡ್ ಎಂದು ಅನುಮಾನ ಬಂದರೆ ತಾವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಪೊಟ್ಟಣ ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ.

ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಕಾಗುವುದಿಲ್ಲ. ಬೇಕು ಎಂದರೆ ಸಾಲಕ್ಕೆ ಓಡುವ ಮೊದಲು, ಸರ್ಕಾರಿ ಆಸ್ಪತ್ರೆಯಲ್ಲಿ ಬಿ.ಪಿ.ಎಲ್. ಕಾರ್ಡ್ ತೋರಿಸಿ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ವಿಚಾರಿಸಿ.

ಕೊನೆಯದಾಗಿ, ಆ ಅಕ್ಕನ ಸಂಘದವರು ಒಂದು ತೀರ್ಮಾನ ಮಾಡಿದರು. ಸಭೆಗೆ ಎರಡು ಕುರ್ಚಿ ಹಾಕಿದರು. ಲೆಕ್ಕ ಬರೆಯುವ ಮೊದಲು ಹತ್ತು ನಿಮಿಷ ಎಲ್ಲರೂ ಕಾಲಿನ ವ್ಯಾಯಾಮ ಮಾಡುತ್ತಾರೆ. ಅಕ್ಕನ ನೋವು ಪೂರ್ತಿ ಹೋಗಿಲ್ಲ, ಆದರೆ ಈಗ ಸಭೆಗೆ ನಡೆದೇ ಬರುತ್ತಾರೆ. ಉಳಿತಾಯದ ಹಣ ತಮ್ಮ ಕೈಯಾರೆ ಕಟ್ಟುತ್ತಾರೆ.

ನಿಮ್ಮ ಸಂಘದಲ್ಲಿ ಯಾರು ಸಭೆಗೆ ಬರುವುದನ್ನು ನಿಲ್ಲಿಸಿದ್ದಾರೆ? ಈ ವಾರ ಅವರ ಮನೆಗೆ ಹೋಗಿ ಬನ್ನಿ.