ಮೊದಲು ರೊಟ್ಟಿ, ಆಮೇಲೆ ನಗೆ

(ಅಫಜಲಪುರ ತಾಲ್ಲೂಕಿನ ಘತ್ತರಗಿಯಲ್ಲಿ ನಡೆದ ಓದುಗರ ಸಣ್ಣ ಸಭೆಯೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಇಂದು ಮುಂಜಾನೆ ಬಸ್ಸಿಳಿದು ಭಾಗ್ಯವಂತಿ ಗುಡಿಯ ಕಡೆ ನಡೆದು ಬರುತ್ತಿದ್ದಾಗ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜನೊಬ್ಬ ನನ್ನನ್ನು ತಡೆದ. ಹೆಸರು ಕೇಳಲಿಲ್ಲ, ಬಂದ ಕೆಲಸ ಕೇಳಲಿಲ್ಲ. “ಊಟ ಆಯ್ತೇನ್ರಿ?” ಎಂದ. ಆಗಿನ್ನೂ ಒಂಬತ್ತು ಗಂಟೆಯೂ ಆಗಿರಲಿಲ್ಲ. “ಇಲ್ಲಜ್ಜಾ, ಈಗರೆ ಬಂದೀನಿ” ಎಂದೆ. ಅಜ್ಜ ನನ್ನ ಹೆಗಲಿನ ಚೀಲವನ್ನೂ ನನ್ನ ಮೈಯನ್ನೂ ಒಮ್ಮೆ ಅಳೆದು ನೋಡಿ, “ತಮ್ಮಾ, ನೀ ಚೀಲಾ ಹೊತ್ತೀಯೊ, ಚೀಲಾ ನಿನಗ ಹೊತ್ತದೊ? ಮೊದಲ ಹೋಗಿ ಒಂದ್ ರೊಟ್ಟಿ ತಿನ್ನು” ಎಂದ. ಸುತ್ತ ಕುಳಿತವರು ನಕ್ಕರು. ನಾನೂ ನಕ್ಕೆ.

ಪಟ್ಟಣದ ದಿನಬದುಕು, ಊಟ ಮತ್ತು ಹಾಸ್ಯದ ಬಗ್ಗೆ ಮಾತನಾಡಲು ನೀವು ನನಗೆ ಹೇಳಿದ್ದೀರಿ. ನಿಜ ಹೇಳಬೇಕೆಂದರೆ ನಾನು ಹೇಳಬೇಕಾದದ್ದನ್ನೆಲ್ಲ ಆ ಅಜ್ಜ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದ್ದಾನೆ. ಆತ ನನ್ನನ್ನು ಗೇಲಿ ಮಾಡಿದ್ದು ನಿಜ. ಆದರೆ ಅದಕ್ಕೂ ಮೊದಲು ನನ್ನ ಹೊಟ್ಟೆಯನ್ನು ವಿಚಾರಿಸಿದ. ನಮ್ಮ ಸೀಮೆಯಲ್ಲಿ ಈ ಎರಡೂ ಜೋಡಿಯಾಗಿ ಬರುತ್ತವೆ. ಒಂದನ್ನೊಂದು ಬಿಟ್ಟಾಗ ಏನಾಗುತ್ತದೆ ಎಂಬುದೇ ಇಂದಿನ ನನ್ನ ಮಾತು.

ಮೊದಲು ಸ್ವಲ್ಪ ದೂರ ಹೋಗಿ ಬರೋಣ. ಫಿಲಿಪೀನ್ಸ್ ಎಂಬ ದ್ವೀಪರಾಷ್ಟ್ರದ ಹೆಸರನ್ನು ನೀವು ಕೇಳಿದ್ದೀರಿ. ನಮ್ಮ ಜಿಲ್ಲೆಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಅಲ್ಲಿನ ಜನರೊಡನೆ ಹೆಗಲಿಗೆ ಹೆಗಲು ಕೊಟ್ಟು ಕೆಲಸ ಮಾಡುತ್ತಾರೆ. ಆ ಜನ ಎದುರಾದಾಗ ಒಬ್ಬರನ್ನೊಬ್ಬರು “ಕುಮಾಯಿನ್ ಕಾ ನಾ?” ಎಂದು ಮಾತನಾಡಿಸುವುದುಂಟು. ಹಾಗೆಂದರೆ “ಉಂಡಿಯಾ?” ಎಂದರ್ಥ. ಎದುರಿಗಿರುವವರು ಹಿರಿಯರಾದರೆ ಮಾತಿನಲ್ಲಿ ‘ಪೋ’ ಎಂಬ ಒಂದಕ್ಷರ ಸೇರಿಸುತ್ತಾರೆ. ಅದು ಮರ್ಯಾದೆಯ ಗುರುತು. ನಾವು ಮಾತಿನ ಕೊನೆಗೆ ‘ರಿ’ ಹಚ್ಚುತ್ತೇವಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಸಾವಿರಾರು ಮೈಲು ಸಮುದ್ರದಾಚೆಯೂ ಒಂದು ‘ಊಟ ಆಯ್ತೇನ್ರಿ’ ಇದೆ ಎಂದು ತಿಳಿದ ದಿನ ನನಗೆ ಬಹಳ ಖುಷಿಯಾಯಿತು.

ಆ ದೇಶದ ರಾಜಧಾನಿ ಮನಿಲಾದ ಬೀದಿಬದಿಯಲ್ಲಿ ಸಂಜೆ ಕೆಂಡದ ಮೇಲೆ ಸುಟ್ಟು ಮಾರುವ ತಿನಿಸುಗಳ ಹೆಸರು ಇನ್ನೂ ಮಜವಾಗಿವೆ. ಕೋಳಿಯ ಕಾಲಿಗೆ ‘ಅಡಿಡಾಸ್’ ಎನ್ನುತ್ತಾರೆ, ಬೂಟಿನ ಕಂಪನಿಯ ಹೆಸರು. ಕೋಳಿಯ ತಲೆಗೆ ‘ಹೆಲ್ಮೆಟ್’. ಹಂದಿಯ ಕಿವಿಗೆ ‘ವಾಕ್‌ಮನ್’, ಕಿವಿಗೆ ಹಚ್ಚಿ ಹಾಡು ಕೇಳುವ ಹಳೆಯ ಯಂತ್ರದ ಹೆಸರು. ಹೆಪ್ಪುಗಟ್ಟಿಸಿದ ರಕ್ತದ ಚೌಕ ತುಂಡಿಗೆ ‘ಬೀಟಾಮ್ಯಾಕ್ಸ್’, ಹಿಂದಿನ ಕಾಲದ ವಿಡಿಯೋ ಕ್ಯಾಸೆಟ್ಟಿನ ಹೆಸರು. ಉಳ್ಳವರು ಮುಟ್ಟದೆ ಬಿಟ್ಟ ಅಗ್ಗದ ಮಾಂಸವನ್ನು ತಿನ್ನುವ ಬಡವ ಅದಕ್ಕೆ ತಾನು ಕೊಳ್ಳಲಾಗದ ದುಬಾರಿ ಸಾಮಾನಿನ ಹೆಸರಿಟ್ಟು ನಗುತ್ತಾನೆ. 1565ರಿಂದ 1898ರವರೆಗೆ ಸ್ಪೇನಿನವರ, ಅನಂತರ 1946ರವರೆಗೆ ಅಮೆರಿಕದವರ ಆಳ್ವಿಕೆಯನ್ನು, ನಡುವೆ ಯುದ್ಧಕಾಲದಲ್ಲಿ ಜಪಾನಿನ ಸೇನೆಯನ್ನು ಕಂಡ ಜನ ಅವರು. ಆಳುವವರು ಬಿಟ್ಟುಹೋದ ಮಾತನ್ನು ಬಳಸಿ ತಮ್ಮ ಬಡತನವನ್ನು ಹಗುರ ಮಾಡಿಕೊಳ್ಳುವುದನ್ನು ಅವರು ಕಲಿತಿದ್ದಾರೆ.

ಈಗ ನಮ್ಮ ಸೀಮೆಗೆ ಬರೋಣ. 1948ರ ಸೆಪ್ಟೆಂಬರಿನವರೆಗೆ ನಾವು ಹೈದರಾಬಾದಿನ ನಿಜಾಮರ ಪ್ರಜೆಗಳು. 1956ರ ನವೆಂಬರ್ 1ರಂದು ಕನ್ನಡ ನಾಡಿಗೆ ಸೇರಿದೆವು. ಉರ್ದು ಆಡಳಿತದ ಭಾಷೆಯಾಗಿತ್ತು; ಪಕ್ಕದಲ್ಲಿ ಮರಾಠಿ, ಇನ್ನೊಂದು ಪಕ್ಕದಲ್ಲಿ ತೆಲುಗು. ಹೀಗಾಗಿ ನಮ್ಮ ಮಾತೂ ಭಜ್ಜಿ ಪಲ್ಯದ ಹಾಗೆ, ಏನೇನೋ ಬೆರೆತೇ ರುಚಿ ಬಂದದ್ದು. ನಾವು ಆಸ್ಪತ್ರೆಗೆ ಹೋಗುವುದಿಲ್ಲ, ‘ದವಾಖಾನಿ’ಗೆ ಹೋಗುತ್ತೇವೆ. ಹೋಟೆಲಿನಲ್ಲಿ ಉಣ್ಣುವುದಿಲ್ಲ, ‘ಖಾನಾವಳಿ’ಯಲ್ಲಿ ಉಣ್ಣುತ್ತೇವೆ. ತಿನಿಸಿಗೆ ತಮಾಷೆಯ ಹೆಸರು ಮನಿಲಾದಲ್ಲಿ ಮಾತ್ರವಲ್ಲ. ಬಡಿಗರು ಕಟ್ಟಿಗೆಯಲ್ಲಿ ತೂತು ಕೊರೆಯುವ ಸಾಧನಕ್ಕೂ ‘ಗಿರ್ಮಿಟ್’, ಒಗ್ಗರಣೆ ಕಲಸಿದ ಚುರುಮುರಿಗೂ ‘ಗಿರ್ಮಿಟ್’. ಉತ್ತರ ಕರ್ನಾಟಕದಲ್ಲಿ ಯಾರೂ ಇವೆರಡರ ನಡುವೆ ಗೊಂದಲಗೊಂಡದ್ದನ್ನು ನಾನು ಕಂಡಿಲ್ಲ.

ಕಲಬುರಗಿಯ ಪಟ್ಟಣ ಬದುಕನ್ನು ನೋಡಬೇಕಾದರೆ ಮಧ್ಯಾಹ್ನ ಒಂದು ಗಂಟೆಗೆ ಖಾನಾವಳಿಯ ಬೆಂಚಿನ ಮೇಲೆ ಕುಳಿತುಕೊಳ್ಳಬೇಕು. ಅಫಜಲಪುರ, ಆಳಂದ, ಜೇವರ್ಗಿಯಿಂದ ಕೋರ್ಟಿಗೆ ಬಂದವರು, ತೊಗರಿ ಮಾರಲು ಬಂದವರು, ರೋಗಿಯ ಜೊತೆ ಬಂದವರು, ಪರೀಕ್ಷೆ ಬರೆಯಲು ಬಂದ ಹುಡುಗರು ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ತಟ್ಟೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಒಂದು ಹೋಳು ಉಳ್ಳಾಗಡ್ಡಿ. ಬೇಳೆಯಂತೂ ನಮ್ಮದೇ ಮಣ್ಣಿನದು. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಒಳಗೆ ರೊಟ್ಟಿ ಬಡಿಯುವ ಸದ್ದು. ಈ ರೊಟ್ಟಿ ಸುಲಭದ ಕೆಲಸವಲ್ಲ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಹಿಟ್ಟಿಗೆ ಕುದಿಯುವ ನೀರು ಹಾಕಿದರೆ ಮಾತ್ರ ಅದರೊಳಗಿನ ಪಿಷ್ಟ ಮೆದುವಾಗಿ ಅಂಟಿಕೊಳ್ಳುತ್ತದೆ. ಆ ಬಿಸಿಯಲ್ಲೇ ನಾದಬೇಕು, ಕೈಯಿಂದಲೇ ಬಡಿದು ತಿರುಗಿಸಬೇಕು, ಹಂಚಿಗೆ ಹಾಕಿದ ಮೇಲೆ ನೀರಿನ ಬಟ್ಟೆ ಸವರಬೇಕು. ಹೊಸಬರು ಮಾಡಿದರೆ ಅಂಚು ಸೀಳಿ ಭೂಪಟದ ಆಕಾರ ಬರುತ್ತದೆ. ಅಂಥ ರೊಟ್ಟಿ ತಟ್ಟೆಗೆ ಬಂದರೆ, “ಇದು ಯಾವ ದೇಶದ ನಕಾಶೆರಿ ಅವ್ವಾರ?” ಎಂದು ಉಣ್ಣುವವನು ಕೇಳುತ್ತಾನೆ. “ನಿಮ್ಮ ಮಾವನ ಊರಿಂದು, ಗುರುತು ಸಿಗ್ಲಿಲ್ಲೇನು?” ಎಂದು ಒಳಗಿನಿಂದ ಉತ್ತರ ಬರುತ್ತದೆ. ಹುಡುಗ ಎರಡೇ ರೊಟ್ಟಿಗೆ ಕೈ ತೊಳೆಯಲು ಎದ್ದರೆ, “ಯಾಕೊ ತಮ್ಮಾ, ಹೆಣ್ಣು ನೋಡ್ಲಕ್ಕ ಬಂದೀಯೇನು, ನಾಚಿಕೊಂಡು ಉಣ್ಲಕತ್ತೀದಿ?” ಎನ್ನುತ್ತಾಳೆ ಬಡಿಸುವ ಅವ್ವ. ಮಾತು ಮುಗಿಯುವುದರೊಳಗೆ ಮೂರನೆಯ ರೊಟ್ಟಿ ತಟ್ಟೆಗೆ ಬಿದ್ದಿರುತ್ತದೆ. ಬಿಸಿಲಿನ ಬಗ್ಗೆ ದೂರಿದರೆ, “ನಮ್ಮಲ್ಲಿ ಎರಡು ಕಾಲ ಅವರಿ, ಒಂದು ಬ್ಯಾಸಗಿ, ಇನ್ನೊಂದು ಭಾಳ ಬ್ಯಾಸಗಿ” ಎಂಬ ಹಳೆಯ ಮಾತು ಯಾರಾದರೂ ಹೇಳಿಯೇ ಹೇಳುತ್ತಾರೆ. ಇದು ಗೇಲಿಯೇ. ಆದರೆ ಗೇಲಿಗೆ ಗುರಿಯಾದವನ ಮುಂದೆ ತಟ್ಟೆ ಇದೆ. ಅವನು ಹೊರಗಿನವನಲ್ಲ ಎಂದು ಆ ಗೇಲಿಯೇ ಸಾರುತ್ತದೆ.

ಈ ನಗೆ ಸಾಹಿತ್ಯವೂ ಆಗಿದೆ ಎಂಬುದನ್ನು ನಮ್ಮ ಹುಡುಗರಿಗೆ ಯಾರೂ ಹೇಳುವುದಿಲ್ಲ. ಬೀದರ್ ಜಿಲ್ಲೆಯ ಚಿಟಗುಪ್ಪದಲ್ಲಿ 1922ರಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬದುಕಿದ ಸುಲೇಮಾನ್ ಖತೀಬ್ ನಮ್ಮ ಬೀದಿಯ ದಖನಿ ಮಾತಿನಲ್ಲೇ ಕವಿತೆ ಕಟ್ಟಿದರು. ಶುದ್ಧ ಉರ್ದುವಿನವರು ಮೂಗು ಮುರಿಯುತ್ತಿದ್ದ ಭಾಷೆ ಅದು. ಅತ್ತೆ ಸೊಸೆಯರ ಜಗಳ, ವರದಕ್ಷಿಣೆಯ ಚೌಕಾಶಿ ಅವರ ವಸ್ತು. ಮುಶಾಯರಾದಲ್ಲಿ ಕೇಳುವವರು ಮೊದಲು ಹೊಟ್ಟೆ ಹಿಡಿದು ನಗುತ್ತಿದ್ದರು, ಕವಿತೆ ಮುಗಿಯುವ ಹೊತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು. 1978ರಲ್ಲಿ ಅವರು ತೀರಿಕೊಂಡರು. ನಮ್ಮದೇ ಜಿಲ್ಲೆಯಲ್ಲಿ 1936ರಲ್ಲಿ ಹುಟ್ಟಿದ ಮುಜ್ತಬಾ ಹುಸೇನ್ ಹೈದರಾಬಾದಿನ ‘ಸಿಯಾಸತ್’ ಪತ್ರಿಕೆಯಲ್ಲಿ 1962ರಿಂದ ಹಾಸ್ಯ ಅಂಕಣ ಬರೆದು ಉರ್ದು ಲೋಕವನ್ನೆಲ್ಲ ನಗಿಸಿದರು. 2007ರಲ್ಲಿ ಪದ್ಮಶ್ರೀ ಬಂತು. 2020ರ ಮೇ ತಿಂಗಳಲ್ಲಿ ಅವರು ನಿಧನರಾದರು. ಕನ್ನಡದಲ್ಲಿ ಗಂಗಾವತಿ ಪ್ರಾಣೇಶ್ ಅವರು ಈ ಭಾಗದ ಮಾತನ್ನು ಊರೂರಿನ ವೇದಿಕೆಗೆ ಹತ್ತಿಸಿದ್ದಾರೆ. ಈ ಮೂವರೂ ನಮ್ಮನ್ನು ನೋಡಿ ನಕ್ಕವರಲ್ಲ, ನಮ್ಮ ಪಂಕ್ತಿಯಲ್ಲಿ ಕೂತು ನಕ್ಕವರು.

ಇದಕ್ಕೆ ವಿರುದ್ಧವಾದ ನಗೆಯೊಂದು ಇದೆ. ಅದನ್ನು ನಾನು ಬೆಂಗಳೂರಿನಲ್ಲಿ ಕಂಡೆ. ಪತ್ರಿಕೋದ್ಯಮದ ಡಿಪ್ಲೊಮಾ ಓದಲು ಹೋದ ಮೊದಲ ವಾರ ತರಗತಿಯಲ್ಲಿ ಒಬ್ಬರನ್ನು “ಏನ್ ಮಾಡ್ಲಕತ್ತೀರಿ?” ಎಂದು ಕೇಳಿದೆ. ಇಡೀ ಬೆಂಚು ನಕ್ಕಿತು. ಆಮೇಲೆ ಆರು ತಿಂಗಳು ನನ್ನ ಹೆಸರೇ ‘ಲಕತ್ತೀರಿ’ ಆಯಿತು. ಕೆಟ್ಟ ಹುಡುಗರಲ್ಲ ಅವರು. ಸಿನಿಮಾದಲ್ಲಿ ನಮ್ಮ ಮಾತಾಡುವವನು ಬಹಳ ಸಲ ಪೆದ್ದನೋ ಕಾವಲುಗಾರನೋ ಆಗಿರುವುದನ್ನು ನೋಡಿ ಬೆಳೆದವರು. ನಾನು ಮಾಡಿದ್ದೇನು? ಮಾತು ಬದಲಿಸಿದೆ. ‘ಮಾಡ್ತಾ ಇದೀರಾ’ ಕಲಿತೆ. ಊರಿನಿಂದ ಅವ್ವ ಫೋನು ಮಾಡಿದರೆ ಹೊರಗೆ ಹೋಗಿ ಮಾತನಾಡುತ್ತಿದ್ದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ದೀಪಾವಳಿಗೆ ಊರಿಗೆ ಬಂದು ಮರಳುವಾಗ ಅವ್ವ ಒಂದು ಡಬ್ಬಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಖಡಕ್ ರೊಟ್ಟಿಯಲ್ಲಿ ನೀರಿನಂಶ ಉಳಿದಿರುವುದಿಲ್ಲ, ವಾರಗಟ್ಟಲೆ ಕೆಡುವುದಿಲ್ಲ. ಕೋಣೆಯಲ್ಲಿ ಡಬ್ಬಿ ಬಿಚ್ಚಿದ ದಿನ ಅದೇ ಗೆಳೆಯರು ಸುತ್ತ ಕೂತರು. ಮುರಿದು ತಿನ್ನುವಾಗ ಎದ್ದ ಕಟಕಟ ಸದ್ದಿಗೆ ಎಲ್ಲರೂ ನಕ್ಕರು. ಒಬ್ಬ, “ಇದನ್ನ ಹ್ಯಾಗೆ ಮಾಡ್ಲಕತ್ತಾರೆ ನಿಮ್ಮಮ್ಮ?” ಎಂದ. ತಪ್ಪು ತಪ್ಪಾಗಿ ಹೇಳಿದ. ಈ ಸಲ ನಗುವ ಸರದಿ ನನ್ನದು. ಅಂದಿನಿಂದ ‘ಲಕತ್ತೀರಿ’ ಎಂದು ಕರೆದರೂ ನೋಯಲಿಲ್ಲ. ಮಾತು ಅದೇ, ಕರೆದವರೂ ಅವರೇ. ನಡುವೆ ರೊಟ್ಟಿ ಬಂದಿತ್ತು.

ಇಷ್ಟು ಹೇಳಿ ಬೆಂಗಳೂರನ್ನು ಬೈದು ಕೈ ತೊಳೆದುಕೊಂಡರೆ ಅದು ನ್ಯಾಯವಲ್ಲ. ಇಲ್ಲಿ ಕೂತಿರುವ ನಾವು ತಾಂಡಾದ ಲಂಬಾಣಿ ಹೆಂಗಸಿನ ಕನ್ನಡವನ್ನು ಅಣಕಿಸಿಲ್ಲವೆ? ದಖನಿ ಮಾತಾಡುವ ಗೆಳೆಯನನ್ನು ಅವನ ಬೆನ್ನ ಹಿಂದೆ ಆಡಿಕೊಂಡಿಲ್ಲವೆ? ಅವರನ್ನು ನಾವು ಎಷ್ಟು ಸಲ ಮನೆಯೊಳಗೆ ಊಟಕ್ಕೆ ಕೂರಿಸಿದ್ದೇವೆ? ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಾರೆ ಎಂದು ಖಾನಾವಳಿಯನ್ನು ಹೊಗಳಿದೆ. ಆದರೆ ಹಳ್ಳಿಯ ಚಹಾದಂಗಡಿಯಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ಚರಿತ್ರೆಯೂ ನಮ್ಮದೇ. ಪಕ್ಕದ ಕಲ್ಯಾಣದಲ್ಲಿ ಶರಣರು ದಾಸೋಹದ ಮಾತಾಡಿ ಎಂಟುನೂರು ವರ್ಷ ಕಳೆದ ಮೇಲೂ ಇದು ಪೂರ್ತಿ ಹೋಗಿದೆ ಎಂದು ಎದೆ ಮುಟ್ಟಿಕೊಂಡು ಹೇಳುವಂತಿಲ್ಲ. ಊಟಕ್ಕೆ ಕೂರಿಸದವನನ್ನು ನೋಡಿ ನಗುವುದು ಅವಮಾನವೇ ಹೊರತು ಹಾಸ್ಯವಲ್ಲ. ಅದು ಬೆಂಗಳೂರಿಗೂ ಅನ್ವಯ, ಘತ್ತರಗಿಗೂ ಅನ್ವಯ.

ದಾರಿ ನಮಗೆ ಗೊತ್ತಿಲ್ಲದ್ದೇನಲ್ಲ. ಇದೇ ಭೀಮೆಯ ದಂಡೆಯ ಗಾಣಗಾಪುರದಲ್ಲಿ ಮಧುಕರಿ ಎಂಬ ಪದ್ಧತಿ ಇದೆ. ಯಾತ್ರೆಗೆ ಬಂದವರು, ಕಾರಿನಲ್ಲಿ ಬಂದವರೂ ಸಹ, ಜೋಳಿಗೆ ಹಿಡಿದು ಐದು ಮನೆಯ ಮುಂದೆ ಭಿಕ್ಷೆ ಕೇಳುತ್ತಾರೆ. ದತ್ತಾತ್ರೇಯ ಯಾವ ವೇಷದಲ್ಲಾದರೂ ಮಧ್ಯಾಹ್ನದ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ. ಆದ್ದರಿಂದ ಬಾಗಿಲಲ್ಲಿ ನಿಂತವನ ಮಾತು, ಬಟ್ಟೆ ನೋಡಿ ಯಾರೂ ನಗುವಂತಿಲ್ಲ. ಕಲಬುರಗಿಯ ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದವರು. ಹೊಲಕ್ಕೆ ಬಂದ ಹಕ್ಕಿಗಳನ್ನೂ ಓಡಿಸಲಿಲ್ಲವೆಂದು ಜನ ಹೇಳುತ್ತಾರೆ. ಖಾಜಾ ಬಂದೇನವಾಜರ ದರ್ಗಾದ ಉರುಸಿಗೆ ಹೋದ ಹಿಂದೂಗಳಿಗೆ, ಗುಡಿಯ ಜಾತ್ರೆಗೆ ಬಂದ ಮುಸಲ್ಮಾನರಿಗೆ ನಮ್ಮಲ್ಲಿ ಲೆಕ್ಕವಿಲ್ಲ. ಅಮಾವಾಸ್ಯೆಗೆ ಮಹಾರಾಷ್ಟ್ರ, ತೆಲಂಗಾಣದಿಂದ ಈ ಊರಿಗೆ ಬರುವ ಭಕ್ತರ ಮಾತು ನಿಮಗೆ ಅರ್ಥವಾಗದಿದ್ದರೂ ನೀವು ಅವರನ್ನು ಮೊದಲು ಕೇಳುವುದು ಊಟದ ವಿಚಾರವನ್ನೇ.

ಈಗ ನಮ್ಮ ರೊಟ್ಟಿಗೆ ಒಳ್ಳೆಯ ಕಾಲ ಬಂದಿದೆ. ಜಿಲ್ಲಾಡಳಿತದ ನೆರವಿನಿಂದ ಮಹಿಳಾ ಸ್ವಸಹಾಯ ಗುಂಪುಗಳು ‘ಕಲಬುರಗಿ ರೊಟ್ಟಿ’ ಹೆಸರಿನಲ್ಲಿ ಪೊಟ್ಟಣ ಕಟ್ಟಿ ದೂರದೂರಿಗೆ ಮಾರುತ್ತಿವೆ. 2025ರ ಜೂನ್‌ನಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲೂ ಇದನ್ನು ಪ್ರಸ್ತಾಪಿಸಿದರು. ರೊಟ್ಟಿ ಬಡಿದ ಕೈಗಳಿಗೆ ನಾಲ್ಕು ಕಾಸು ಸಿಗುವುದು ಸಂತೋಷದ ಸಂಗತಿ. ಆದರೆ ಪೊಟ್ಟಣದಲ್ಲಿ ರೊಟ್ಟಿ ಹೋಗುತ್ತದೆ, “ಇನ್ನೊಂದು ತಗೋ ತಮ್ಮಾ” ಎನ್ನುವ ಮಾತು ಹೋಗುವುದಿಲ್ಲ. ಅದನ್ನು ಒಯ್ಯಬೇಕಾದವರು ಪುಣೆ, ಮುಂಬಯಿ, ಬೆಂಗಳೂರಿಗೆ ಹೊರಡುವ ನಮ್ಮ ಹುಡುಗ ಹುಡುಗಿಯರು.

ಅವರಿಗೆ ನನ್ನದು ಇಷ್ಟೇ ವಿನಂತಿ. ನಾನು ಮಾಡಿದ ಹಾಗೆ ಮಾತು ಬಚ್ಚಿಡಬೇಡಿ. ಯಾರಾದರೂ ನಕ್ಕರೆ ಡಬ್ಬಿ ಬಿಚ್ಚಿ, ಕೂರಿಸಿ, ಬಡಿಸಿ. ಆಮೇಲೂ ಅವರು ಹಾಗೆಯೇ ನಕ್ಕರೆ ಎದ್ದು ಬನ್ನಿ, ತಪ್ಪು ನಿಮ್ಮದಲ್ಲ. ಉಳಿದ ಹಿರಿಯರಿಗೂ ಒಂದು ವಿನಂತಿ: ನಿಮ್ಮ ಊರಿನಲ್ಲಿ ಯಾರ ಮಾತಿಗೆ ನೀವು ನಗುತ್ತೀರೋ, ಈ ವಾರ ಅವರನ್ನೊಮ್ಮೆ ಊಟಕ್ಕೆ ಕರೆಯಿರಿ.

ಮುಂಜಾನೆಯ ಅಜ್ಜ ಹಿಂದಿನ ಸಾಲಿನಲ್ಲಿ ಕುಳಿತು ನನ್ನ ಕಡೆ ಕೈ ಮಾಡಿ ತುತ್ತಿನ ಸನ್ನೆ ಮಾಡುತ್ತಿದ್ದಾನೆ. ಹೊತ್ತಾಗಿದೆ ಎಂದರ್ಥ. ನಮಸ್ಕಾರ, ಊಟಕ್ಕೆ ಏಳೋಣ.