ಹೆಗಲ ಹಿಂದಿನ ಹಿಡಿ

(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಲೋಟ ತೊಳೆದು ಮೇಲೆ ಬಂದ ನಾನು ವಿಮಾನದ ವಿಷಯ ಮಾತನಾಡುತ್ತೇನೆಂದಾಗ ಹಿಂದಿನ ಬೆಂಚಿನವರು ನಕ್ಕರು. ನಗಲಿ. ಕಳೆದ ಸಭೆಯಲ್ಲಿ ಅಡಿಗೆಮನೆಯ ಬೆಂಕಿಯ ಪ್ರಸ್ತಾಪ ಬಂದಾಗ, “ಯಾರ ಕೈ ತಪ್ಪಿತೋ ಅವನೇ ಹೊಣೆ” ಎಂದು ನಮ್ಮವರೇ ಹೇಳಿದರು. ಆ ಮಾತಿಗೆ ಉತ್ತರವಾಗಿ ಅಮೆರಿಕದ ಒಂದು ಅಪಘಾತವನ್ನು ನಿಮ್ಮ ಮುಂದಿಡುತ್ತೇನೆ.

ಚಿಕ್ಕ ಖಾಸಗಿ ವಿಮಾನಗಳ ಇಂಜಿನು ಆಕಾಶದಲ್ಲಿ ನಿಂತುಹೋಗಲು ಪೆಟ್ರೋಲಿನ ವ್ಯವಸ್ಥೆ ತಪ್ಪುವುದು ಒಂದು ದೊಡ್ಡ ಕಾರಣ. ಇದರಲ್ಲಿ ಎರಡು ಬಗೆ. ಟಾಂಕಿಗಳೆಲ್ಲ ಬರಿದಾಗುವುದು ಒಂದು. ಇನ್ನೊಂದು ವಿಚಿತ್ರವಾದುದು: ಬಲಗಡೆಯ ಟಾಂಕಿಯಲ್ಲಿ ಪೆಟ್ರೋಲು ಉಂಟು, ಆದರೆ ಇಂಜಿನು ಬರಿದಾದ ಎಡ ಟಾಂಕಿಯಿಂದ ಹೀರುತ್ತಿದೆ. ಒಂದರಿಂದ ಇನ್ನೊಂದಕ್ಕೆ ಬದಲಿಸಲು ಒಂದು ಹಿಡಿ ಇರುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ತಿರುಗಿಸಬೇಕು. ನಮ್ಮ ಭಟ್ಟರು ಹಿಟ್ಟಿನ ಪಾತ್ರೆಗೆ ಕೈಯಿಟ್ಟು ನೋಡುವಂತೆ, ಬಲ್ಲ ಚಾಲಕರು ಮುಳ್ಳನ್ನಷ್ಟೇ ನಂಬದೆ ಹೊರಡುವ ಮೊದಲು ಟಾಂಕಿಗೆ ಕಡ್ಡಿ ಇಳಿಸಿ ನೋಡುತ್ತಾರೆ. ಹಗಲಿನ ಹಾರಾಟಕ್ಕೂ ಅರ್ಧ ಗಂಟೆಯ ಪೆಟ್ರೋಲು ಹೆಚ್ಚಿಗೆ ಇರಬೇಕೆಂದು ಅಲ್ಲಿಯ ಕಾನೂನು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯು 2017ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. 2011ರಿಂದ 2015ರವರೆಗೆ ಇಂಥ ಅಪಘಾತಗಳು ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು. ಅವುಗಳಲ್ಲಿ ನೂರಕ್ಕೆ 95ರಲ್ಲಿ ಮನುಷ್ಯರ ಲೋಪ, ಯಂತ್ರದ ದೋಷ ಬರೀ 5ರಲ್ಲಿ. ಈ ಲೆಕ್ಕ ಓದಿದರೆ ಯಾವ ಧಣಿಗೂ ಸಂತೋಷವಾದೀತು. ಆದರೆ ಮನುಷ್ಯನೆಂದರೆ ಯಾವ ಮನುಷ್ಯ? ಕೊನೆಗೆ ಕೈ ಚಾಚಿದವನೊಬ್ಬನೇ ಏನು?

1997ರ ಅಕ್ಟೋಬರ್ 12ರ ಸಂಜೆ, ಹೆಸರಾಂತ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ನಿಲ್ದಾಣದಿಂದ ತಮ್ಮ ಚಿಕ್ಕ ವಿಮಾನದಲ್ಲಿ ಒಬ್ಬರೇ ಹೊರಟರು. 2,700 ಗಂಟೆಗೂ ಮೇಲ್ಪಟ್ಟು ಹಾರಿದ ಅನುಭವಿ. ಆದರೆ ಈ ವಿಮಾನ ಅವರಿಗೆ ತೀರ ಹೊಸದು. ಹಿಂದಿನ ದಿನವಷ್ಟೇ ಅರ್ಧ ಗಂಟೆ ಕಲಿತಿದ್ದರು. ಅದು ಲಾಂಗ್-ಈಜೀ ಎಂಬ ಜಾತಿಯದು, ನಕ್ಷೆ ನೋಡಿ ಜನ ಮನೆಯಲ್ಲೇ ಕಟ್ಟಿಕೊಳ್ಳುವಂಥದು. ನಕ್ಷೆ ಬರೆದವರು ಬರ್ಟ್ ರುಟಾನ್. ಟಾಂಕಿ ಬದಲಿಸುವ ಹಿಡಿಯನ್ನು ಅವರು ಚಾಲಕನ ಎರಡು ಕಾಲುಗಳ ನಡುವೆ, ಕಣ್ಣೆದುರಿಗೇ ಇಟ್ಟಿದ್ದರು. ಈ ವಿಮಾನವನ್ನು ಕಟ್ಟಿದವನು, ಕೂರುವ ಜಾಗದಲ್ಲಿ ಪೆಟ್ರೋಲಿನ ಕೊಳವೆ ಬೇಡವೆಂದು, ಅದನ್ನು ಎಡ ಹೆಗಲಿನ ಹಿಂದಕ್ಕೆ ಒಯ್ದ. ಬೆಂಕಿಗೆ ಹೆದರುವುದು ತಪ್ಪಲ್ಲ. ಆದರೆ ಯಾವ ಕಡೆ ತಿರುಗಿಸಿದರೆ ಯಾವ ಟಾಂಕಿ ಎಂಬ ಗುರುತನ್ನೂ ಅವನು ಹಾಕಲಿಲ್ಲ. ಪೆಟ್ರೋಲು ತೋರಿಸುವ ಗಾಜುಗಳೂ ಬೆನ್ನ ಹಿಂದೆ, ಅವಕ್ಕೂ ಗುರುತಿಲ್ಲ.

ಹೊರಡುವ ಮೊದಲೇ ಆ ಹಿಡಿ ಎಟುಕುವುದಿಲ್ಲವೆಂದು ಗೊತ್ತಾಗಿತ್ತು. ನಿಲ್ದಾಣದ ಮೆಕ್ಯಾನಿಕ್ ಇಕ್ಕಳ ಸಿಕ್ಕಿಸಿ ಉದ್ದ ಮಾಡಿ ನೋಡಿದ, ಆಗಲಿಲ್ಲ. ಹಿಂದಿನ ಗಾಜು ನೋಡಲು ಒಂದು ಕನ್ನಡಿ ಕೊಟ್ಟ. ಪೆಟ್ರೋಲು ತುಂಬಲೇ ಎಂದರೆ ಡೆನ್ವರ್, ಒಂದು ಗಂಟೆಯಷ್ಟೇ ಹಾರುವುದು, ಬೇಡ ಎಂದರು. ಇದು ಅವರದೇ ತಪ್ಪು, ಇದನ್ನು ಮುಚ್ಚಿಡಲಾರೆ.

ಸಮುದ್ರದ ಮೇಲೆ ಕೆಲವು ನೂರು ಅಡಿ ಎತ್ತರದಲ್ಲಿ ಹೋಗುತ್ತಿದ್ದಾಗ ಇಂಜಿನಿನ ಸದ್ದು ಕೆಟ್ಟುದನ್ನು ದಡದವರು ಕೇಳಿದರು. ವಿಮಾನ ತಲೆಕೆಳಗಾಗಿ ನೀರಿಗೆ ಬಿತ್ತು. ಹಿಡಿ ಮುಟ್ಟಬೇಕಾದರೆ ವಿಮಾನ ನಡೆಸುವ ಕೋಲನ್ನು ಬಿಡಬೇಕು, ಹೆಗಲ ಪಟ್ಟಿ ಸಡಿಲಿಸಬೇಕು, ಮೈಯನ್ನು ಪೂರಾ ಎಡಕ್ಕೆ ಹೊರಳಿಸಬೇಕು. ತನಿಖೆಯವರು ಅಂಥದೇ ವಿಮಾನದಲ್ಲಿ ಕುಳಿತು ಹಾಗೆ ಹೊರಳಿದಾಗ, ಆಧಾರಕ್ಕಾಗಿ ಬಲಗಾಲು ತಾನಾಗಿ ಚುಕ್ಕಾಣಿಯ ಪೆಡಲನ್ನು ಒತ್ತುತ್ತಿತ್ತು. ಎತ್ತರವಿದ್ದಿದ್ದರೆ ಸಾವರಿಸಬಹುದಿತ್ತೇನೋ.

ಡೆನ್ವರ್ ಹಿಂದೆ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದವರು. ಆ ಕಾರಣದಿಂದ ಹಾರಲು ಬೇಕಾದ ವೈದ್ಯಕೀಯ ಪತ್ರವೂ ಆಗ ಇರಲಿಲ್ಲ. ಕತೆಯನ್ನು ಅಲ್ಲಿಗೇ ಮುಗಿಸುವುದು ಸುಲಭವಿತ್ತು. ಆದರೆ ಪರೀಕ್ಷೆಯಲ್ಲಿ ಮದ್ಯದ ಅಂಶ ಕಾಣಲಿಲ್ಲ. ಮಂಡಳಿ 1999ರಲ್ಲಿ ತೀರ್ಪು ಬರೆಯುವಾಗ ಡೆನ್ವರ್ ಗಮನ ತಪ್ಪಿದ್ದನ್ನೂ, ಪೆಟ್ರೋಲು ತುಂಬಿಸದಿದ್ದುದನ್ನೂ ಬರೆಯಿತು. ಅದರ ಜತೆಗೇ, ಕಟ್ಟಿದವನು ಹಿಡಿಯನ್ನು ಗುರುತಿಲ್ಲದೆ, ಎಟುಕದ ಕಡೆ ಇಟ್ಟದ್ದನ್ನೂ ಬರೆಯಿತು. ತರಬೇತಿ ಸಾಲದೆ ಹೋದುದನ್ನೂ ಸೇರಿಸಿತು.

ನಾನು ಇದೇ ಮುಂಬಯಿಯ ಒಂದು ಹೋಟೆಲಿನಲ್ಲಿದ್ದಾಗ ಗ್ಯಾಸಿನ ವಾಲ್ವು ದೋಸೆ ಕಾವಲಿಯ ಹಿಂದಿನ ಗೋಡೆಗೆ ಇತ್ತು. ಮುಚ್ಚಬೇಕಾದರೆ ಉರಿಯ ಮೇಲೆ ಕೈ ಹಾಯಿಸಬೇಕು. ನಮ್ಮ ದೋಸೆ ಭಟ್ಟರ ಮೊಣಕೈವರೆಗೆ ಸುಟ್ಟಿತು. ಆಸ್ಪತ್ರೆಯಿಂದ ಬಂದವರ ಕೈಯಲ್ಲಿ ಕಾಗದ ಕೊಟ್ಟು “ನನ್ನ ಅಜಾಗರೂಕತೆ” ಎಂದು ಬರೆಸಿಕೊಂಡರು. ಬಲಗೈ ಕಟ್ಟಿತ್ತು; ಎಡಗೈಯಿಂದ ರುಜು ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಏನೂ ಆಡಲಿಲ್ಲ. ವಾಲ್ವು ಎಲ್ಲಿದೆಯೆಂದು ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ.

ಮುಂದಿನ ರವಿವಾರ ಬರುವಾಗ ನಿಮ್ಮ ನಿಮ್ಮ ಅಡಿಗೆಮನೆಯ ವಾಲ್ವು ಎಲ್ಲಿದೆ, ಒಲೆ ಉರಿಯುತ್ತಿರುವಾಗ ಕೈಗೆ ಎಟುಕುತ್ತದೋ ಇಲ್ಲವೋ, ಒಂದು ಚೀಟಿಯಲ್ಲಿ ಬರೆದು ತನ್ನಿ. ಬರೆಯಲು ಬಾರದವರು ಬಂದು ಹೇಳಿ, ನಾನು ಬರೆದುಕೊಳ್ಳುತ್ತೇನೆ.