ತೋಟದ ಬೇಲಿಗೆ ಗ್ಲಿರಿಸಿಡಿಯ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಪ್ರತಿ ಬೇಸಿಗೆಯಲ್ಲೂ ಜಾಲಿಮುಳ್ಳು ಕಡಿದು ತಂದು ತೋಟಕ್ಕೆ ಬೇಲಿ ಹಾಕುತ್ತೇವೆ. ಗೆದ್ದಲು ಹಿಡಿದು ಅದು ಬಹುಬೇಗ ಮಣ್ಣಾಗುತ್ತದೆ. ಕಲ್ಲುಕಂಬ, ಮುಳ್ಳುತಂತಿಗೆ ಹಣ ಹಾಕುವ ಶಕ್ತಿ ಎಲ್ಲರಿಗೂ ಇಲ್ಲ. ಅಂಥವರಿಗೆ ತಕ್ಕ ಜೀವಂತ ಬೇಲಿ ಗ್ಲಿರಿಸಿಡಿಯ. ಇದನ್ನು ಗೊಬ್ಬರದ ಗಿಡವೆಂದೂ ಕರೆಯುತ್ತಾರೆ.

ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ದ್ವಿದಳ ಜಾತಿಯ ಮರವಾದ್ದರಿಂದ ಬೇರುಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಪಡೆಯುತ್ತದೆ. ಕಡಿಯದೆ ಬಿಟ್ಟ ಮರ ಚಳಿಗಾಲದ ಕೊನೆಗೆ ಎಲೆ ಉದುರಿಸಿ, ಬರಿಗೊಂಬೆಗಳ ಮೇಲೆ ತಿಳಿಗುಲಾಬಿ ಹೂ ಬಿಡುತ್ತದೆ. ಒಣಗಿತೆಂದು ಕೀಳಬೇಡಿ, ಬರ ತಾಳುವ ರೀತಿ ಅದು.

ನೆಡುವ ಕ್ರಮ: ಬಲಿತ ಕೊಂಬೆಯಿಂದ 3ರಿಂದ 5 ಸೆಂ.ಮೀ. ದಪ್ಪ, 1ರಿಂದ 1.5 ಮೀಟರ್ ಉದ್ದದ ತುಂಡುಗಳನ್ನು ಆರಿಸಿ. ಬುಡವನ್ನು ಓರೆಯಾಗಿ ಕತ್ತರಿಸಿದರೆ ತಲೆಕೆಳಗಾಗಿ ನೆಡುವ ತಪ್ಪು ಆಗದು. 50 ಸೆಂ.ಮೀ. ಅಂತರದಲ್ಲಿ, 30 ಸೆಂ.ಮೀ. ಆಳಕ್ಕೆ ನೆಟ್ಟು ಮಣ್ಣನ್ನು ಗಟ್ಟಿಯಾಗಿ ತುಳಿಯಿರಿ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ನಮ್ಮೂರ ಹೊಲದಲ್ಲಿ ಮೇ ತಿಂಗಳ ಮೊದಲ ಮಳೆಗೇ ತುಂಡುಗಳನ್ನು ನೆಟ್ಟೆ. ಕೆಲವೇ ದಿನಗಳಲ್ಲಿ ಚಿಗುರು ಬಂತು. ಗಿಡ ಹಿಡಿಯಿತೆಂದು ಸುಮ್ಮನಾದೆ. ಮಳೆ ಹಿಂದೆಗೆಯಿತು, ಅರ್ಧಕ್ಕರ್ಧ ಒಣಗಿದವು. ಕಿತ್ತು ನೋಡಿದರೆ ಒಂದು ಬೇರೂ ಇರಲಿಲ್ಲ! ತುಂಡಿನಲ್ಲಿ ಕೂಡಿಟ್ಟ ಆಹಾರದಿಂದಲೇ ಚಿಗುರು ಬರುತ್ತದೆ, ಬೇರು ಆಮೇಲೆ ಬರುತ್ತದೆ. ಆದ್ದರಿಂದ ಚಿಗುರನ್ನು ನಂಬಬೇಡಿ. ಮುಂಗಾರು ಕುದುರಿದ ಮೇಲೆಯೇ ನೆಡಿ. ತೀರಾ ಒಣಭೂಮಿಯಾದರೆ ಬೀಜದಿಂದ ಬೆಳೆಸಿದ ಸಸಿಯೇ ಮೇಲು. ಅದಕ್ಕೆ ತಾಯಿಬೇರು ಇರುತ್ತದೆ, ತುಂಡಿಗೆ ಇರುವುದಿಲ್ಲ.

ಇದಕ್ಕೆ ಮುಳ್ಳಿಲ್ಲ, ಮೇಕೆ ನುಗ್ಗುವುದಿಲ್ಲವೇ ಎಂದು ಕೇಳುತ್ತೀರಿ. ಮೊದಲ ವರ್ಷ ನುಗ್ಗುತ್ತದೆ. ಆಗ ಬುಡಕ್ಕೆ ಮುಳ್ಳು ಒತ್ತಿ, ಬಿದಿರು ದಬ್ಬೆಗಳನ್ನು ಅಡ್ಡ ಕಟ್ಟಿ, ಹೊಸ ರೆಂಬೆಗಳನ್ನು ಅದರೊಳಗೆ ಹೆಣೆಯಿರಿ.

ಕಟಾವು: ಒಂದು ವರ್ಷ ತುಂಬಿದ ಮೇಲೆ ಸುಮಾರು 1 ಮೀಟರ್ ಎತ್ತರಕ್ಕೆ ಕಡಿಯಿರಿ. ಮುಂದೆ ವರ್ಷಕ್ಕೆ ಎರಡು ಮೂರು ಸಲ ಕಡಿದಷ್ಟೂ ಒತ್ತಾಗಿ ಚಿಗುರುತ್ತದೆ. ಒಂದು ಕಟಾವು ಬಿತ್ತನೆಗೆ ಮುಂಚೆ ಬೀಳಲಿ. ಆ ಸೊಪ್ಪನ್ನು ಮಣ್ಣಿಗೆ ಸೇರಿಸಿ. 1 ಟನ್ ಹಸಿ ಸೊಪ್ಪು ಒಣಗಿದರೆ 200ರಿಂದ 250 ಕಿಲೋ. ಅದರಲ್ಲಿ ಸಾರಜನಕ ನೂರಕ್ಕೆ 2.5ರಿಂದ 3 ಪಾಲು. ಅಂದರೆ 5ರಿಂದ 7.5 ಕಿಲೋ ಸಾರಜನಕ, 11ರಿಂದ 16 ಕಿಲೋ ಯೂರಿಯಾದಲ್ಲಿರುವಷ್ಟು. ಜೊತೆಗೆ ಮಣ್ಣಿಗೆ ಸಾವಯವ ವಸ್ತು ಸೇರುವುದು ಬೇರೆ ಲಾಭ.

ಎರಡು ಎಚ್ಚರಿಕೆಗಳು. ಇದರ ಬೀಜ, ತೊಗಟೆ ವಿಷ. ಇಲಿಗಳನ್ನು ಕೊಲ್ಲಲು ಬಳಸುತ್ತಾರೆ. ಮಕ್ಕಳ ಕೈಗೆ ಸಿಗದಿರಲಿ. ಒಣಹವೆಯಲ್ಲಿ ಚಿಗುರಿಗೆ ಹೇನು ಮುತ್ತುತ್ತದೆ. ಅದೇ ಹೇನು ಅವರೆ, ಅಲಸಂದೆಗೂ ಹರಡಬಲ್ಲದು; ಕಂಡ ಕೂಡಲೇ ಆ ಕುಡಿಗಳನ್ನು ಕತ್ತರಿಸಿ ತೆಗೆಯಿರಿ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಿಮಗೆ ಗೊತ್ತು. ಮಚ್ಚು ಮುಟ್ಟಿಸದೆ ಬಿಟ್ಟರೆ ಗ್ಲಿರಿಸಿಡಿಯವೂ ಮರವಾಗಿ, ರಾಗಿಗೆ ನೆರಳು ಬಿದ್ದು, ಬುಡದಲ್ಲಿ ದನ ನುಸುಳುವಷ್ಟು ಸಂದಿಯಾಗುತ್ತದೆ. ಕಾಲಕಾಲಕ್ಕೆ ಕಡಿದವರಿಗೆ ಇದೇ ಬೇಲಿ ಹೊಲಕ್ಕೆ ಉಣಿಸುತ್ತದೆ. ಈ ಮುಂಗಾರಿನಲ್ಲಿ ತೋಟದ ಒಂದು ಬದಿಗಾದರೂ ನೆಟ್ಟು ನೋಡಿ.